ಮೊದಲು ಪ್ಲೇಟು, ಆಮೇಲೆ ಮೈದಾನ: ಸದರ್ನ್ ರಾಕ್ ಕೇಳುವವರಿಗೊಂದು ಮಾರ್ಗದರ್ಶಿ

ಕೆಲಸಕ್ಕೆ ಅಂತ ಅಟ್ಲಾಂಟಾಕ್ಕೆ ಬಂದ ಮೊದಲ ವರ್ಷ ಆಫೀಸಿನ ಗೆಳೆಯನೊಬ್ಬ ನನ್ನನ್ನು ಒಂದು ಸಂಗೀತ ಉತ್ಸವಕ್ಕೆ ಎಳೆದುಕೊಂಡು ಹೋಗಿದ್ದ. ಜೂನ್ ತಿಂಗಳ ಬಿಸಿಲು. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ನೀರಿಲ್ಲ, ತಲೆಗೆ ಟೊಪ್ಪಿ ಇಲ್ಲ. ವೇದಿಕೆ ಮೇಲೆ ಇಬ್ಬರು ಗಿಟಾರಿನವರು ಒಂದೇ ಹಾಡನ್ನು ಇಪ್ಪತ್ತು ನಿಮಿಷದಿಂದ ನುಡಿಸುತ್ತಿದ್ದಾರೆ, ಪಕ್ಕದವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ, ನಾನೊಬ್ಬ ಮಾತ್ರ ಇದು ಯಾವಾಗಪ್ಪಾ ಮುಗಿಯುತ್ತೆ ಅಂತ ಗಡಿಯಾರ ನೋಡುತ್ತಾ ನಿಂತಿದ್ದೆ.

ತಪ್ಪು ಸಂಗೀತದ್ದಲ್ಲ. ಏನೂ ಕೇಳದೆ, ಏನೂ ತಿಳಿಯದೆ ಹೋಗಿದ್ದು ನನ್ನ ತಪ್ಪು. ಹಾಗಾಗಿ ಈಗ ಯಾರು ಕೇಳಿದರೂ ಹೇಳೋದು ಇಷ್ಟೇ. ಮೊದಲು ಮನೆಯಲ್ಲಿ ಒಂದು ಪ್ಲೇಟನ್ನು, ಅಂದರೆ ಗ್ರಾಮಫೋನ್ ರೆಕಾರ್ಡನ್ನು, ಪೂರ್ತಿ ಕೇಳಿ, ಆಮೇಲೆ ಟಿಕೆಟ್ ತಗೊಳ್ಳಿ. ಇನ್ನೊಂದು ಮಾತು: ರಾಮನವಮಿ ಪೆಂಡಾಲಿನಲ್ಲಿ ಮೂರು ಗಂಟೆ ಕೂತು ಕಛೇರಿ ಕೇಳಿದವರಿಗೆ ಈ ಸಂಗೀತ ಬೇರೆಯವರಿಗಿಂತ ಬೇಗ ಹತ್ತುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ಇದು ಎಲ್ಲಿಯ ಸಂಗೀತ ಅಂತ ತಿಳ್ಕೊಳ್ಳಿ

ಅಮೆರಿಕದ ತೆಂಕಣ ರಾಜ್ಯಗಳ ಹುಡುಗರು ಕಪ್ಪು ಜನರ ಬ್ಲೂಸ್, ಹಳ್ಳಿಗಾಡಿನ ಕಂಟ್ರಿ, ಚರ್ಚಿನ ಗಾಸ್ಪೆಲ್, ಸ್ವಲ್ಪ ಜಾಝ್ ಎಲ್ಲ ಸೇರಿಸಿ ಜೋರು ಗಿಟಾರಿನಲ್ಲಿ ನುಡಿಸಿದ್ದು ಸದರ್ನ್ ರಾಕ್. ಇದರ ಒಳ್ಳೇ ಕಾಲ ಅಂದರೆ 1969ರಿಂದ 1977. ಊರುಗಳು ಮುಖ್ಯ: ಫ್ಲೋರಿಡಾದ ಜಾಕ್ಸನ್‌ವಿಲ್, ಜಾರ್ಜಿಯಾದ ಮೇಕನ್, ದಕ್ಷಿಣ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್. ಮೇಕನ್‌ನಲ್ಲಿ ಫಿಲ್ ವಾಲ್ಡನ್ ಅನ್ನುವವರು ಕ್ಯಾಪ್ರಿಕಾರ್ನ್ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿ ನಡೆಸುತ್ತಿದ್ದರು. ಅದಕ್ಕೂ ಮುಂಚೆ ಅವರು ಕಪ್ಪು ಸೋಲ್ ಗಾಯಕ ಓಟಿಸ್ ರೆಡಿಂಗ್ ಅವರ ಮ್ಯಾನೇಜರ್. ಅಂದರೆ ಈ ರಾಕ್ ಸಂಗೀತ ಕಪ್ಪು ಜನರ ಸೋಲ್ ಸಂಗೀತದ ಮನೆಯೊಳಗೇ ಬೆಳೆದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಾವುಟದ ವಿಷಯ ಬಂದಾಗ ಬೇಕಾಗುತ್ತದೆ.

ಹೆಜ್ಜೆ 2: ಒಂದೇ ಪ್ಲೇಟು, ಒಂದು ವಾರ

ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನ 'ಅಟ್ ಫಿಲ್‌ಮೋರ್ ಈಸ್ಟ್'. ಬೇರೆ ಯಾವುದರಿಂದಲೂ ಶುರು ಮಾಡಬೇಡಿ. 1971ರ ಮಾರ್ಚ್‌ನಲ್ಲಿ ಕಛೇರಿ ನಡೆಯುವಾಗಲೇ ರೆಕಾರ್ಡ್ ಮಾಡಿ ಜುಲೈನಲ್ಲಿ ಹೊರತಂದ ಜೋಡಿ ಎಲ್ಪಿ ಇದು, ಟಾಮ್ ಡೌಡ್ ನಿರ್ಮಾಪಕರು. ತಮಾಷೆ ಏನಂದರೆ ದಕ್ಷಿಣದವರ ಅತಿ ದೊಡ್ಡ ಪ್ಲೇಟು ಹುಟ್ಟಿದ್ದು ನ್ಯೂಯಾರ್ಕಿನ ಒಂದು ಥಿಯೇಟರಿನಲ್ಲಿ.

ನಾಲ್ಕು ಮಗ್ಗುಲು, ಏಳೇ ಹಾಡು. ಎರಡನೇ ಮಗ್ಗುಲಿನ ತುಂಬ ಒಂದೇ ಹಾಡು, ನಾಲ್ಕನೆಯದರಲ್ಲೂ ಒಂದೇ. ಮೊದಲ ದಿನ ಮೊದಲ ಮಗ್ಗುಲು ಮಾತ್ರ ಹಾಕಿ. 'ಸ್ಟೇಟ್ಸ್‌ಬರೋ ಬ್ಲೂಸ್' ಶುರುವಾದ ತಕ್ಷಣ ಕೇಳೋದು ಡ್ವೇನ್ ಆಲ್‌ಮನ್ ಅವರ ಸ್ಲೈಡ್ ಗಿಟಾರ್. ಬೆರಳಿಗೆ ಒಂದು ಪುಟ್ಟ ಗಾಜಿನ ಬಾಟಲಿ ಸಿಕ್ಕಿಸಿಕೊಂಡು ತಂತಿ ಮೇಲೆ ಜಾರಿಸುತ್ತಿದ್ದರು. ಅದು ಕೊರಿಸಿಡಿನ್ ಅನ್ನೋ ನೆಗಡಿ ಮಾತ್ರೆಯ ಬಾಟಲಿ. ನೀವು ಗೋಟುವಾದ್ಯ ಕೇಳಿದ್ದರೆ ಇದನ್ನು ವಿವರಿಸಬೇಕಾಗೇ ಇಲ್ಲ. ಅದರಲ್ಲಿ ವೀಣೆಯ ಹಾಗೆ ಮೆಟ್ಟಿಲಿಲ್ಲ, ಗೋಟು ಅನ್ನೋ ತುಂಡನ್ನು ಜಾರಿಸಿಯೇ ಸ್ವರದಿಂದ ಸ್ವರಕ್ಕೆ ಹೋಗಬೇಕು. ಗಮಕಕ್ಕೆ ಒಗ್ಗಿದ ಕಿವಿಗೆ ಈ ಜಾರು ಪರದೇಶಿ ಅನ್ನಿಸೋದಿಲ್ಲ. ಇದೇ ದಾರಿಯಲ್ಲಿ ಮುಂದೆ ಬಂದ ಡೆರೆಕ್ ಟ್ರಕ್ಸ್ ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಕಾಲೇಜಿನಲ್ಲಿ ಸರೋದ್ ಪರಂಪರೆಯನ್ನೇ ಕಲಿತವರು. ಅವರ ಸ್ಲೈಡ್ ಕೇಳಿದರೆ ಅದು ಗೊತ್ತಾಗುತ್ತದೆ.

ಎರಡನೇ ದಿನ ಮೂರನೇ ಮಗ್ಗುಲು. 'ಇನ್ ಮೆಮರಿ ಆಫ್ ಎಲಿಜಬೆತ್ ರೀಡ್', ಸಾಹಿತ್ಯವೇ ಇಲ್ಲದ 13 ನಿಮಿಷ. ಬ್ಯಾಂಡಿನ ಇನ್ನೊಬ್ಬ ಗಿಟಾರಿಗ ಡಿಕಿ ಬೆಟ್ಸ್ ಬರೆದದ್ದು. ಹೆಸರು ಮಾತ್ರ ಮೇಕನ್‌ನ ಸ್ಮಶಾನದ ಒಂದು ಸಮಾಧಿ ಕಲ್ಲಿನಿಂದ ಎತ್ತಿಕೊಂಡಿದ್ದು! ಇಲ್ಲಿ ಮಾಡಬೇಕಾದ ಕೆಲಸ: ಮೊದಲ ಒಂದೆರಡು ನಿಮಿಷದಲ್ಲಿ ಬರುವ ಮೂಲ ಸಾಲನ್ನು ಬಾಯಲ್ಲಿ ಗುನುಗುವಷ್ಟು ಹಿಡಿದಿಟ್ಟುಕೊಳ್ಳಿ. ಆಮೇಲೆ ಅವರು ಎಲ್ಲೆಲ್ಲೋ ಅಲೆದು ಆ ಸಾಲಿಗೆ ವಾಪಸ್ ಬರುತ್ತಾರೆ. ಒಂದೇ ಸಾಲನ್ನು ಹಿಗ್ಗಿಸಿ ಹಾಡೋ ನೆರವಲ್ ಮುಗಿಸಿ ಗಾಯಕರು ಎತ್ತುಗಡೆಗೆ ಬಂದಾಗ ಮೈ ಜುಂ ಅನ್ನುತ್ತಲ್ಲ, ಅದೇ ಸುಖ. ಇವರು ಜ್ಯಾಮ್ ಅನ್ನೋದು, ಅಂದರೆ ಮೊದಲೇ ಬರೆದಿಡದೆ ಅಲ್ಲೇ ಹುಟ್ಟಿಸಿ ನುಡಿಸೋದು, ನಮ್ಮ ಮನೋಧರ್ಮದ ದೂರದ ನೆಂಟ. ಪೂರ್ತಿ ಒಂದೇ ಅಂತ ನಾನು ಹೇಳೋದಿಲ್ಲ, ರಾಗದ ಕಟ್ಟುಪಾಡು ಇಲ್ಲಿಲ್ಲ. ಆದರೆ ಕೇಳೋಕೆ ಬೇಕಾದ ತಾಳ್ಮೆ ಒಂದೇ.

ಮೂರನೇ ದಿನ ನಾಲ್ಕನೇ ಮಗ್ಗುಲು, 'ವಿಪ್ಪಿಂಗ್ ಪೋಸ್ಟ್'. ಹತ್ತಿರ ಹತ್ತಿರ 23 ನಿಮಿಷ. ಬೇಸ್ ಗಿಟಾರ್ ಒಂಟಿಯಾಗಿ ಶುರು ಮಾಡುತ್ತದೆ. ಕೈಯಲ್ಲಿ ತಾಳ ಹಾಕಿ ನೋಡಿ, ನಾಲ್ಕಕ್ಕೂ ಕೂರಲ್ಲ, ಮೂರಕ್ಕೂ ಕೂರಲ್ಲ. ಅದು ಹನ್ನೊಂದು. ಮೂರು, ಮೂರು, ಮೂರು, ಎರಡು ಅಂತ ಎಣಿಸಿ. ನಮ್ಮಲ್ಲೂ ಮಿಶ್ರ ಜಾತಿ ತ್ರಿಪುಟ ತಾಳಕ್ಕೆ ಹನ್ನೊಂದು ಅಕ್ಷರ, ಆದರೆ ಅಲ್ಲಿ ಏಳು, ಎರಡು, ಎರಡು. ಹಾಡು ಬರೆದ ಗ್ರೆಗ್ ಆಲ್‌ಮನ್‌ಗೆ ತಾನು ಹನ್ನೊಂದರಲ್ಲಿ ಬರೆದಿದ್ದೇನೆ ಅಂತ ಗೊತ್ತೇ ಇರಲಿಲ್ಲವಂತೆ, ಅಣ್ಣ ಡ್ವೇನ್ ಎಣಿಸಿ ಹೇಳಿದ ಮೇಲೆ ಗೊತ್ತಾಗಿದ್ದು. ಗ್ರೆಗ್ ಹಾಡೋಕೆ ಬಾಯಿ ತೆರೆದಾಗ ಲೆಕ್ಕ ಬದಲಾಗುತ್ತದೆ. ಎಲ್ಲಿ ಬದಲಾಯಿತು ಅಂತ ಹಿಡಿಯೋದೇ ಆ ದಿನದ ಆಟ.

ಇನ್ನೊಂದು ಕಡೆ ಗಮನ ಕೊಡಿ. ಈ ಬ್ಯಾಂಡಿನಲ್ಲಿ ಡ್ರಮ್ಸ್ ಇಬ್ಬರದ್ದು, ಬುಚ್ ಟ್ರಕ್ಸ್ ಮತ್ತು ಜೈಮೋ. ಒಬ್ಬರು ರೈಲಿನ ಹಾಗೆ ಮುಂದಕ್ಕೆ ಎಳೆಯುತ್ತಾರೆ, ಜೈಮೋ ಜಾಝ್ ಕಡೆಯವರು, ಪಕ್ಕದಲ್ಲಿ ಚಿತ್ತಾರ ಬಿಡಿಸುತ್ತಾ ಇರುತ್ತಾರೆ. ಮೃದಂಗದ ಜೊತೆ ಘಟ ಇದ್ದ ಹಾಗೆ.

ಉಳಿದ ದಿನ ಸುಮ್ನೆ ಇಷ್ಟ ಬಂದದ್ದನ್ನು ಮತ್ತೆ ಹಾಕಿ. ಫೋನ್ ದೂರ ಇಡಿ, ಅಷ್ಟೇ ನಿಯಮ. ಈ ಪ್ಲೇಟು ಬಂದ ನಾಲ್ಕು ತಿಂಗಳೊಳಗೆ, 1971ರ ಅಕ್ಟೋಬರ್ 29ರಂದು, ಡ್ವೇನ್ ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡರು. 24 ವರ್ಷ. ಮರುವರ್ಷ ನವೆಂಬರ್‌ನಲ್ಲಿ ಬೇಸ್ ಗಿಟಾರಿನ ಬೆರಿ ಓಕ್ಲಿ ಅದೇ ಊರಿನಲ್ಲಿ, ಸ್ವಲ್ಪವೇ ದೂರದಲ್ಲಿ, ಅದೇ ರೀತಿ ಹೋದರು.

ಹೆಜ್ಜೆ 3: ಮುಂದಿನ ಪ್ಲೇಟುಗಳು

ಆಲ್‌ಮನ್ ಮುಗಿದ ಮೇಲೆ ಲಿನರ್ಡ್ ಸ್ಕಿನರ್ಡ್. ತಮ್ಮನ್ನು ಗೋಳು ಹುಯ್ದುಕೊಂಡಿದ್ದ ಶಾಲೆಯ ಪಿ.ಟಿ. ಮೇಷ್ಟ್ರು ಲೆನರ್ಡ್ ಸ್ಕಿನರ್ ಹೆಸರನ್ನೇ ತಿರುಚಿ ಬ್ಯಾಂಡಿಗೆ ಇಟ್ಟುಕೊಂಡ ಹುಡುಗರು ಇವರು. 1973ರ ಮೊದಲ ಆಲ್ಬಮ್ ಸಾಕು. 'ಸಿಂಪಲ್ ಮ್ಯಾನ್', 'ಟ್ಯೂಸ್‌ಡೇಸ್ ಗಾನ್', 'ಫ್ರೀ ಬರ್ಡ್' ಮೂರೂ ಅದರಲ್ಲೇ ಇವೆ. ಆಲ್‌ಮನ್ ಅಲೆಯುತ್ತಾರೆ, ಇವರು ಅಲೆಯೋದಿಲ್ಲ. ಮೂರು ಗಿಟಾರ್ ಇದ್ದರೂ ಒಂದೊಂದು ಸ್ವರವೂ ಮೊದಲೇ ತೀರ್ಮಾನ ಆಗಿರುತ್ತದೆ. ಇದು ಕೃತಿ, ಅದು ಆಲಾಪನೆ ಅಂದುಕೊಳ್ಳಿ.

1976ರ ಲೈವ್ ಪ್ಲೇಟು 'ಒನ್ ಮೋರ್ ಫ್ರಮ್ ದ ರೋಡ್' ಅಟ್ಲಾಂಟಾದ ಫಾಕ್ಸ್ ಥಿಯೇಟರಿನಲ್ಲಿ ಆದದ್ದು. ಆಗ ಆ ಥಿಯೇಟರ್ ಕೆಡವೋ ಮಾತಿತ್ತು, ಅದನ್ನು ಉಳಿಸೋಕೆ ಈ ಕಛೇರಿಗಳ ದುಡ್ಡೂ ಹೋಯಿತು. ಥಿಯೇಟರ್ ಇವತ್ತಿಗೂ ಇದೆ, ಒಮ್ಮೆ ಒಳಗೆ ಹೋಗಿ ನೋಡಿ. ಚಾವಣಿಯಲ್ಲಿ ನಕ್ಷತ್ರ ಮಿನುಗುತ್ತವೆ. 1977ರ ಅಕ್ಟೋಬರ್ 20ರಂದು ಮಿಸಿಸಿಪಿಯಲ್ಲಿ ಈ ಬ್ಯಾಂಡಿನ ವಿಮಾನ ಬಿತ್ತು. ಹಾಡುಗಾರ ರಾನಿ ವ್ಯಾನ್ ಝಾಂಟ್ ಸೇರಿ ಆರು ಜನ ಹೋದರು. ಮೂರು ದಿನ ಮುಂಚೆಯಷ್ಟೇ ಬಂದಿದ್ದ 'ಸ್ಟ್ರೀಟ್ ಸರ್ವೈವರ್ಸ್' ಹೊದಿಕೆಯಲ್ಲಿ ಬ್ಯಾಂಡಿನವರ ಸುತ್ತ ಬೆಂಕಿಯ ಚಿತ್ರ ಇತ್ತು. ಅದನ್ನು ಬೇಗ ಬದಲಾಯಿಸಿದರು. ಹಾಗಾಗಿ ಹಳೇ ಅಂಗಡಿಯಲ್ಲಿ ಬೆಂಕಿಯ ಹೊದಿಕೆ ಸಿಕ್ಕರೆ ಬೆಲೆ ಜಾಸ್ತಿ.

ಮೂರನೆಯದು ಮಾರ್ಷಲ್ ಟಕರ್ ಬ್ಯಾಂಡ್, ಅವರ 1973ರ ಮೊದಲ ಆಲ್ಬಮ್. ಇದರಲ್ಲಿ ಕೊಳಲಿದೆ, ಹೌದು, ಕೊಳಲು! 'ಕಾಂಟ್ ಯೂ ಸೀ' ಹಾಡು ಶುರುವಾಗೋದೇ ಅದರ ನೆರಳಿನಲ್ಲಿ. ನಮ್ಮ ಮನೆಯಲ್ಲಿ ರಾಕ್ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಅಮ್ಮನೂ ಇದೊಂದಕ್ಕೆ ಅಡುಗೆಮನೆಯಿಂದ ಹೊರಗೆ ಬಂದಿದ್ದರು. ಝೀಝೀ ಟಾಪ್, ಔಟ್‌ಲಾಸ್, ಚಾರ್ಲಿ ಡೇನಿಯಲ್ಸ್, ವೆಟ್ ವಿಲಿ ಎಲ್ಲ ಆಮೇಲೆ ನೋಡಿಕೊಳ್ಳಬಹುದು, ಅವಸರ ಇಲ್ಲ.

ಬಾವುಟದ ವಿಷಯ

ಇದನ್ನು ದಾಟಿ ಹೋಗೋದು ಸರಿಯಲ್ಲ. ಹಳೇ ಪೋಸ್ಟರುಗಳಲ್ಲಿ, ಕೆಲವು ಪ್ಲೇಟುಗಳಲ್ಲಿ, ಈಗಲೂ ಕೆಲವು ಪಾರ್ಕಿಂಗ್ ಮೈದಾನಗಳಲ್ಲಿ ಕಾನ್ಫೆಡರೇಟ್ ಬಾವುಟ ಕಾಣಿಸುತ್ತದೆ. ಗುಲಾಮಗಿರಿ ಉಳಿಸೋಕೆ ಅಂತರ್ಯುದ್ಧ ಮಾಡಿದ ರಾಜ್ಯಗಳ ಗುರುತು ಅದು. ಅಲಂಕಾರ ಅಂತ ಅಂದುಕೊಂಡು ಅದಿರೋ ಟೀ ಶರ್ಟ್ ಕೊಳ್ಳಬೇಡಿ. ಅದೇ ಹೊತ್ತಿಗೆ, ಈ ಸಂಗೀತ ಎಲ್ಲ ಒಂದೇ ಬಣ್ಣ ಅಂತಲೂ ತಿಳಿಯಬೇಡಿ. 1969ರ ಜಾರ್ಜಿಯಾದಲ್ಲಿ ಕಪ್ಪು ಡ್ರಮ್ಮರ್ ಜೈಮೋ ಜೊತೆ ಒಂದೇ ವ್ಯಾನಿನಲ್ಲಿ ಊರೂರು ಸುತ್ತಿದವರು ಆಲ್‌ಮನ್ ಬ್ಯಾಂಡಿನವರು. ಅವರು ನುಡಿಸಿದ 'ಸ್ಟೇಟ್ಸ್‌ಬರೋ ಬ್ಲೂಸ್' ಕೂಡ ಜಾರ್ಜಿಯಾದ ಕಪ್ಪು ಗಾಯಕ ಬ್ಲೈಂಡ್ ವಿಲಿ ಮೆಕ್‌ಟೆಲ್ ಅವರದ್ದು. ಎರಡೂ ನಿಜ.

ಹೆಜ್ಜೆ 4: ಪ್ಲೇಟು ಕೊಳ್ಳೋದು, ಊರಿಗೆ ಒಯ್ಯೋದು

ಹಳೇ ಪ್ಲೇಟನ್ನು ಹೊದಿಕೆಯಿಂದ ತೆಗೆದು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆ ಗೀರಿದ್ದರೆ ಪರವಾಗಿಲ್ಲ, ಉಗುರಿಗೆ ಸಿಗೋ ಗೀರಿದ್ದರೆ ಬಿಡಿ. ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚು ನೋಡಿ, ಹಪ್ಪಳದ ಹಾಗೆ ಸೊಟ್ಟ ಆಗಿದ್ದರೂ ಬಿಡಿ. ಜೋಡಿ ಎಲ್ಪಿಯಲ್ಲಿ ಎರಡೂ ಪ್ಲೇಟು ಇವೆಯಾ, ಒಳಗಿರೋದು ಅದೇ ಆಲ್ಬಮ್ಮಾ ಅಂತಲೂ ನೋಡಿ, ನಗಬೇಡಿ, ನನಗೆ ಒಮ್ಮೆ ಸ್ಕಿನರ್ಡ್ ಹೊದಿಕೆಯಲ್ಲಿ ಕ್ರಿಸ್‌ಮಸ್ ಹಾಡುಗಳು ಸಿಕ್ಕಿದ್ದವು. ಆಲ್‌ಮನ್ ಬ್ಯಾಂಡಿನ 1973ರ 'ಬ್ರದರ್ಸ್ ಅಂಡ್ ಸಿಸ್ಟರ್ಸ್' ಆ ಕಾಲದಲ್ಲಿ ತುಂಬ ಮಾರಾಟ ಆದದ್ದು. ಹಾಗಾಗಿ ಹಳೇ ಪ್ರತಿ ಸುಲಭವಾಗಿ ಸಿಗುತ್ತದೆ, ಅದಕ್ಕೆ ದುಬಾರಿ ಕೊಡಬೇಡಿ. ಮನೆಗೆ ತಂದ ಮೇಲೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಅಟ್ಟದ ಸೆಖೆಯಲ್ಲಂತೂ ಬೇಡವೇ ಬೇಡ.

ಈಗ ಊರಿಗೆ ಒಯ್ಯುವವರಿಗೆ ಒಂದು ಮಾತು. ಇಲ್ಲಿ ಅಗ್ಗಕ್ಕೆ ಸಿಕ್ಕ ಹಳೇ ಟರ್ನ್‌ಟೇಬಲ್ ಒಂದನ್ನು ನಾನು ಮೈಸೂರಿಗೆ ಹೊತ್ತುಕೊಂಡು ಹೋದೆ. 230 ವೋಲ್ಟ್ ಅಂತ ಗೊತ್ತಿತ್ತು, ಟ್ರಾನ್ಸ್‌ಫಾರ್ಮರ್ ಕೂಡ ಒಯ್ದಿದ್ದೆ, ನಾನು ಜಾಣ ಅಂದುಕೊಂಡಿದ್ದೆ. ಮುಳ್ಳು ಇಟ್ಟರೆ ಗ್ರೆಗ್ ದನಿ ಕುಂಭಕರ್ಣನ ಹಾಗೆ ಬಂತು. ಕಾರಣ ವೋಲ್ಟ್ ಅಲ್ಲ, ಹರ್ಟ್ಸ್. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಹಳೇ ಎಸಿ ಮೋಟಾರುಗಳು ಕರೆಂಟಿನ ಲೆಕ್ಕಕ್ಕೇ ತಿರುಗುತ್ತವೆ, ಟ್ರಾನ್ಸ್‌ಫಾರ್ಮರ್ ಅದನ್ನು ಬದಲಾಯಿಸೋದಿಲ್ಲ. ನಿಮಿಷಕ್ಕೆ 33 ಸುತ್ತು ಹಾಕಬೇಕಾದದ್ದು 28 ಹಾಕುತ್ತಿತ್ತು, ಶ್ರುತಿ ಒಂದೂವರೆ ಕಟ್ಟೆ ಇಳಿದಿತ್ತು. ಹಾಗಾಗಿ ಗೋಡೆಗೆ ಚುಚ್ಚುವ ಅಡಾಪ್ಟರಿನಿಂದ ಡಿಸಿ ಕರೆಂಟಿನಲ್ಲಿ ನಡೆಯೋ ಟರ್ನ್‌ಟೇಬಲ್ ಒಯ್ಯಿರಿ, ಇಲ್ಲವಾದರೆ ಊರಲ್ಲೇ ಕೊಳ್ಳಿ. ಪ್ಲೇಟುಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹೆಜ್ಜೆ 5: ಒಂದು ದಿನ ಮೇಕನ್‌ಗೆ

ಅಟ್ಲಾಂಟಾದಿಂದ ಐ-75 ಹಿಡಿದು ತೆಂಕಕ್ಕೆ ಒಂದೂವರೆ ಗಂಟೆ. ಉತ್ಸವಕ್ಕೆ ಹೋಗೋ ಮುಂಚೆ ಇಲ್ಲಿಗೆ ಹೋಗಿ ಬನ್ನಿ ಅಂತ ನನ್ನ ಸಲಹೆ. ವೈನ್‌ವಿಲ್ ಅವೆನ್ಯೂದಲ್ಲಿ ಬ್ಯಾಂಡಿನವರು ಸಂಸಾರ ಸಮೇತ ಬಾಡಿಗೆಗಿದ್ದ ದೊಡ್ಡ ಮನೆ ಈಗ ಮ್ಯೂಸಿಯಂ, ಹೆಸರೂ 'ಬಿಗ್ ಹೌಸ್'. ಅಲ್ಲಿಂದ ರೋಸ್ ಹಿಲ್ ಸ್ಮಶಾನ. ಡ್ವೇನ್, ಬೆರಿ ಓಕ್ಲಿ, 2017ರಲ್ಲಿ ಹೋದ ಗ್ರೆಗ್ ಅಲ್ಲಿದ್ದಾರೆ, ಎಲಿಜಬೆತ್ ರೀಡ್ ಕಲ್ಲೂ ಅಲ್ಲೇ ಇದೆ. ಮಧ್ಯಾಹ್ನ 'ಎಚ್ ಅಂಡ್ ಎಚ್' ಹೋಟೆಲಿಗೆ ಹೋಗಿ. ಬ್ಯಾಂಡಿನವರ ಜೇಬಲ್ಲಿ ಕಾಸಿಲ್ಲದ ದಿನಗಳಲ್ಲಿ ಅಲ್ಲಿನ ಲೂಯಿಸ್ ಹಡ್ಸನ್ ಅವರು ಊಟ ಹಾಕಿದ್ದರು. ಆ ಹುಡುಗರು ದೊಡ್ಡವರಾದ ಮೇಲೆ ಅಮ್ಮನನ್ನು ಕರೆದುಕೊಂಡು ಹೋದ ಹಾಗೆ ಅವರನ್ನೂ ಟೂರಿಗೆ ಕರೆದುಕೊಂಡು ಹೋದರಂತೆ.

ಹೆಜ್ಜೆ 6: ಯಾವ ಉತ್ಸವ?

ಮೊದಲ ಸಲ ದೊಡ್ಡದಕ್ಕೆ ಹೋಗಬೇಡಿ. ಟೆನೆಸಿಯ ಮ್ಯಾಂಚೆಸ್ಟರಿನಲ್ಲಿ ಜೂನ್‌ನಲ್ಲಿ ನಡೆಯೋ ಬೊನ್ನರೂ 2002ರಿಂದ ಇದೆ, ಹೆಸರೂ ದೊಡ್ಡದು, ಆದರೆ ಅದು ನಾಲ್ಕು ದಿನದ ಜಾತ್ರೆ, ಡೇರೆಯಲ್ಲಿ ಮಲಗಬೇಕು, ಈಗ ಅಲ್ಲಿ ಎಲ್ಲ ಬಗೆಯ ಸಂಗೀತವೂ ಇರುತ್ತದೆ. 2025ರಲ್ಲಿ ಮಳೆಯಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ನಾನು ಹೇಳೋದು ಮರ್ಲ್‌ಫೆಸ್ಟ್. ಉತ್ತರ ಕ್ಯಾರೊಲಿನಾದ ವಿಲ್ಕ್ಸ್‌ಬರೋ ಅನ್ನೋ ಪುಟ್ಟ ಊರಿನ ಕಾಲೇಜು ಮೈದಾನದಲ್ಲಿ ಏಪ್ರಿಲ್ ಕೊನೆಗೆ ನಡೆಯುತ್ತದೆ. ಡಾಕ್ ವಾಟ್ಸನ್ ಅನ್ನೋ ಹಿರಿಯ ಗಿಟಾರ್ ವಾದಕರ ಮಗ ಮರ್ಲ್ ತೀರಿಕೊಂಡ ಮೇಲೆ ಅವರ ನೆನಪಿಗೆ 1988ರಲ್ಲಿ ಶುರುವಾದದ್ದು. ಅಲ್ಲಿ ಜಾಸ್ತಿ ಕೇಳೋದು ಬ್ಲೂಗ್ರಾಸ್, ಹಳೇ ಬೆಟ್ಟದ ಹಾಡುಗಳು. ಸದರ್ನ್ ರಾಕ್ ಅಲ್ವಲ್ಲ ಅಂತೀರಾ? ಅದರ ಕಂಟ್ರಿ ಬೇರು ಇಲ್ಲೇ ಇರೋದು. ಹವೆ ತಂಪು, ಕುಟುಂಬದವರು, ಅಜ್ಜ ಅಜ್ಜಿಯರು, ಕುರ್ಚಿ ಹಾಕಿ ಕೂತು ಕೇಳೋ ಜನ. ಪಿಟೀಲು, ಬ್ಯಾಂಜೋ ಹಿಡಿದ ಹುಡುಗರು ಮರದ ಕೆಳಗೆ ಗುಂಪು ಕಟ್ಟಿ ನುಡಿಸುತ್ತಾ ಇರುತ್ತಾರೆ. ವೇದಿಕೆಗಿಂತ ನನಗೆ ಅದೇ ಇಷ್ಟ.

ಎರಡನೇ ಸಲಕ್ಕೆ ನ್ಯೂ ಆರ್ಲಿಯನ್ಸ್ ಜಾಝ್ ಫೆಸ್ಟ್. 1970ರಿಂದ ಇದೆ, ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರ, ಕುದುರೆ ರೇಸಿನ ಮೈದಾನದಲ್ಲಿ. ಚಳಿಗಾಲದಲ್ಲಿ ಬೇಕಂದರೆ ಆಶ್‌ವಿಲ್‌ನಲ್ಲಿ ವಾರೆನ್ ಹೇನ್ಸ್ ನಡೆಸೋ ಕ್ರಿಸ್‌ಮಸ್ ಜ್ಯಾಮ್ ನೋಡಿ. ಆಲ್‌ಮನ್ ಬ್ಯಾಂಡಿನಲ್ಲಿ ಮುಂದೆ ಸೇರಿದ ಗಿಟಾರಿಗ ಅವರು, ಬಂದ ದುಡ್ಡು ಬಡವರಿಗೆ ಮನೆ ಕಟ್ಟೋಕೆ ಹೋಗುತ್ತದೆ.

ಆರಿಸೋವಾಗ ಪೋಸ್ಟರಿನ ದೊಡ್ಡ ಅಕ್ಷರ ನೋಡಬೇಡಿ. ಮಧ್ಯದ ಸಾಲು ಓದಿ. ದೊಡ್ಡ ಹೆಸರಿನವರನ್ನು ನೀವು ಪರದೆಯಲ್ಲಿ ನೋಡುತ್ತೀರಿ, ಮಧ್ಯಾಹ್ನ ಮೂರು ಗಂಟೆಯ ಬ್ಯಾಂಡನ್ನು ಹತ್ತಡಿ ದೂರದಿಂದ ಕೇಳುತ್ತೀರಿ. ಆ ಸಾಲಿನಲ್ಲಿ ನಾಲ್ಕು ಹೆಸರು ಆರಿಸಿ, ಒಬ್ಬೊಬ್ಬರ ಒಂದೊಂದು ಲೈವ್ ರೆಕಾರ್ಡಿಂಗ್ ಕೇಳಿಕೊಂಡು ಹೋಗಿ.

ಹೆಜ್ಜೆ 7: ಚೀಲದಲ್ಲಿ ಏನು

ಪಾದ ಪೂರ್ತಿ ಮುಚ್ಚೋ ಶೂ, ಬೆಂಕಿ ಇರುವೆ ಕಚ್ಚಿಸಿಕೊಂಡವರಿಗೆ ಯಾಕೆ ಅಂತ ಗೊತ್ತು. ಟೊಪ್ಪಿ, ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು, ಖಾಲಿ ನೀರಿನ ಬಾಟಲಿ, ಪ್ಲಾಸ್ಟಿಕ್ ಮಳೆ ಕೋಟು. ಕೊಡೆ ಬೇಡ, ಎಷ್ಟೋ ಕಡೆ ಒಳಗೆ ಬಿಡೋದಿಲ್ಲ, ಬಿಟ್ಟರೂ ಹಿಂದಿನವರು ಬೈಯುತ್ತಾರೆ. ಕುರ್ಚಿಯ ಎತ್ತರ, ಪಾರದರ್ಶಕ ಚೀಲ ಇವೆಲ್ಲದರ ನಿಯಮ ಒಂದೊಂದು ಉತ್ಸವಕ್ಕೆ ಒಂದೊಂದು ಥರ, ಟಿಕೆಟ್ ಜೊತೆ ಓದಿಕೊಳ್ಳಿ. ಸಿಡಿಲು ಕಂಡರೆ ಮೈದಾನ ಖಾಲಿ ಮಾಡಿಸುತ್ತಾರೆ. ಮರದ ಕೆಳಗೆ ನಿಲ್ಲದೆ ಕಾರಿನೊಳಗೆ ಕೂತಿರಿ.

ಇಯರ್‌ಪ್ಲಗ್ ಮರೆಯಬೇಡಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು, 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ ಅನ್ನೋದು ಅಮೆರಿಕದ ಕೆಲಸಗಾರರ ಸುರಕ್ಷತೆ ಸಂಸ್ಥೆಯ ಲೆಕ್ಕ. ರಾಕ್ ವೇದಿಕೆ ಮುಂದೆ 100 ದಾಟೋದು ಸಾಮಾನ್ಯ. ಸಂಗೀತಕ್ಕಂತಲೇ ಮಾಡಿದ ಪ್ಲಗ್ ಸಿಗುತ್ತವೆ, ಸದ್ದು ಇಳಿಸುತ್ತವೆ, ನಾದ ಕೆಡಿಸೋದಿಲ್ಲ. ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚೋ ಮಫ್ ಹಾಕಿ.

ಊಟ

ಸಸ್ಯಾಹಾರಿಗಳು ಇಲ್ಲಿ ಹುಷಾರು. ಸೊಪ್ಪಿನ ಪಲ್ಯ, ಬೀನ್ಸ್ ಅಂತ ಬರೆದಿರುತ್ತಾರೆ, ಒಳಗೆ ಹಂದಿಯ ಮೂಳೆ ಹಾಕಿ ಬೇಯಿಸಿರುತ್ತಾರೆ. 'ವೆಜಿಟೇರಿಯನ್ನಾ' ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ, 'ಇದರಲ್ಲಿ ಹಂದಿ ಮಾಂಸ ಇದೆಯಾ' ಅಂತ ನೇರ ಕೇಳಿ. ನಂಬಿ ತಿನ್ನಬಹುದಾದ್ದು ಸುಟ್ಟ ಜೋಳ. ಹಾಗೆಯೇ ಬೇಯಿಸಿದ ಕಡಲೆಕಾಯಿ! ಅಮೆರಿಕದಲ್ಲಿ ಅತಿ ಹೆಚ್ಚು ಕಡಲೆಕಾಯಿ ಬೆಳೆಯೋದು ಜಾರ್ಜಿಯಾದಲ್ಲಿ. ಸಿಪ್ಪೆ ಸಮೇತ ಉಪ್ಪು ನೀರಲ್ಲಿ ಬೇಯಿಸಿ ಬಿಸಿಬಿಸಿ ಕೊಡುತ್ತಾರೆ. ಮೊದಲ ಸಲ ತಿಂದಾಗ ಬಸವನಗುಡಿಯ ಪರಿಷೆಯಲ್ಲಿ ನಿಂತ ಹಾಗಾಯಿತು. ಮಸಾಲೆ ಬೇಡದಿದ್ದರೆ 'ಪ್ಲೇನ್' ಅಂತ ಕೇಳಿ. ಡೇರೆ ಹಾಕುವವರು ಪುಳಿಯೋಗರೆ ಗೊಜ್ಜು, ಚಪಾತಿ ಒಯ್ಯಿರಿ, ಮೊಸರನ್ನ ಆ ಬಿಸಿಲಿಗೆ ನಿಲ್ಲಲ್ಲ.

ಹೆಜ್ಜೆ 8: ಮೈದಾನದಲ್ಲಿ

ವೇದಿಕೆಗೆ ಅಂಟಿಕೊಂಡು ನಿಲ್ಲಬೇಡಿ. ಮೈದಾನದ ನಡುವೆ ಸೌಂಡ್ ಎಂಜಿನಿಯರ್ ಕೂರೋ ಡೇರೆ ಇರುತ್ತದೆ, ಅದರ ಮುಂದೆ ಜಾಗ ಹಿಡಿಯಿರಿ. ಅವರು ತಮ್ಮ ಕಿವಿಗೆ ಚೆನ್ನಾಗಿ ಕೇಳೋ ಹಾಗೆ ತಿರುಪು ತಿರುಗಿಸುತ್ತಿರುತ್ತಾರೆ, ನಿಮಗೂ ಅದೇ ಕೇಳುತ್ತದೆ. ಕೆಲವು ಕಡೆ ಅಲ್ಲೇ ಪಕ್ಕದಲ್ಲಿ ಉದ್ದ ಕೋಲಿಗೆ ಮೈಕ್ ಕಟ್ಟಿಕೊಂಡ ರೆಕಾರ್ಡಿಂಗ್ ಹುಚ್ಚರು ಇರುತ್ತಾರೆ. ಅವರ ಹತ್ತಿರ ಮಾತಾಡಿದರೆ ನಿಮ್ಮ ಮಾತು ವರ್ಷಗಟ್ಟಲೆ ಉಳಿಯುತ್ತದೆ, ಸುಮ್ಮನಿರಿ.

ಎಲ್ಲ ವೇದಿಕೆಗೂ ಓಡಬೇಡಿ. ದಿನಕ್ಕೆ ನಾಲ್ಕು ಬ್ಯಾಂಡ್ ಸಾಕು, ನಡುವೆ ಒಂದು ನಿದ್ದೆ. 'ಫ್ರೀ ಬರ್ಡ್!' ಅಂತ ಕೂಗಬೇಡಿ, ಐವತ್ತು ವರ್ಷದಿಂದ ಎಲ್ಲ ಕಛೇರಿಯಲ್ಲೂ ಯಾರಾದರೊಬ್ಬರು ಕೂಗುತ್ತಲೇ ಇದ್ದಾರೆ, ಆ ಜೋಕು ಹಳಸಿದೆ. ಮೆಚ್ಚಿದರೆ ಒಬ್ಬರ ಸೋಲೋ ಮುಗಿದ ತಕ್ಷಣ ಚಪ್ಪಾಳೆ ಹೊಡೆಯಿರಿ, ಹಾಡು ಮುಗಿಯೋವರೆಗೆ ಕಾಯಬೇಕಿಲ್ಲ.

ಡ್ರಮ್ ಸೋಲೋ ಶುರುವಾದಾಗ ಅರ್ಧ ಮೈದಾನ ಬಿಯರ್ ತರೋಕೆ ಏಳುತ್ತದೆ, ನಮ್ಮಲ್ಲಿ ಮೃದಂಗದ ತನಿ ಶುರುವಾದ ಕೂಡಲೇ ಕಾಫಿಗೆ ಏಳುವ ಹಾಗೆ. ಆಗ ಮುಂದಿನ ಸಾಲಿನಲ್ಲಿ ಕುರ್ಚಿಗಳು ಖಾಲಿಯಾಗುತ್ತವೆ. ಹೋಗಿ ಕೂತುಕೊಳ್ಳಿ.